ಹಫ್ತಾ ವಸೂಲಿಗೆ ಸರ್ಕಾರವೇ ಇಳಿದ ಕಥೆ

1994ರ ಡಿಸೆಂಬರ್ 2. ಮಾಸ್ಕೋದ ನೋವಿ ಅರ್ಬಾತ್ ರಸ್ತೆಯ ತುದಿಯಲ್ಲಿ ಮೇಯರ್ ಕಚೇರಿ ಇದ್ದ ಬಹುಮಹಡಿ ಕಟ್ಟಡ. ಬ್ಯಾಂಕರ್ ವ್ಲಾದಿಮಿರ್ ಗುಸಿನ್‌ಸ್ಕಿಯ 'ಮೋಸ್ತ್' ಸಮೂಹದ ಕಚೇರಿಯೂ ಅದರಲ್ಲೇ ಇತ್ತು. ಕೆಳಗೆ ಅವನ ಅಂಗರಕ್ಷಕರು ಕಾರುಗಳಲ್ಲಿ ಕಾಯುತ್ತಿದ್ದರು. ಮುಖವಾಡ ತೊಟ್ಟು ಬಂದೂಕು ಹಿಡಿದ ತಂಡವೊಂದು ಬಂದು ಅವರನ್ನು ಸುತ್ತುವರಿಯಿತು. ಹೊರಗೆಳೆದು ಬಡಿದು ಹಿಮದ ಮೇಲೆ ಬೋರಲು ಮಲಗಿಸಿತು. ಬಂದವರು ಯಾರೆಂದು ಯಾರಿಗೂ ಗೊತ್ತಿಲ್ಲ. ಸಮವಸ್ತ್ರದ ಮೇಲೆ ಗುರುತಿಲ್ಲ, ಕೈಯಲ್ಲಿ ವಾರಂಟ್ ಇಲ್ಲ. ಮೇಲಿನ ಮಹಡಿಯಿಂದ ಗುಸಿನ್‌ಸ್ಕಿ ಕಂಡಕಂಡವರಿಗೆಲ್ಲ ಫೋನು ಮಾಡಿದ. ಪೊಲೀಸರು ಬಂದರು, ವಿಚಾರಿಸಿದರು, ಸುಮ್ಮನೆ ಹೊರಟುಹೋದರು. ಆಗಿನ ಆಂತರಿಕ ಗುಪ್ತಚರ ಸಂಸ್ಥೆಯಾದ ಎಫ್‌ಎಸ್‌ಕೆಯ ಮಾಸ್ಕೋ ಮುಖ್ಯಸ್ಥ ಯೆವ್ಗೆನಿ ಸವೋಸ್ತ್ಯಾನೊವ್ ತನ್ನ ತಂಡವನ್ನು ಕಳಿಸಿದ. ಕೈಕೈ ಮಿಲಾಯಿಸಿತು, ಗುಂಡೂ ಹಾರಿತು. ಅಷ್ಟರಲ್ಲಿ ಎಫ್‌ಎಸ್‌ಕೆಯವನೊಬ್ಬ ಎದುರು ಪಾಳೆಯದಲ್ಲಿ ತನ್ನ ಹಳೆಯ ಸಹೋದ್ಯೋಗಿಯ ಗುರುತು ಹಿಡಿದ. ಮುಖವಾಡದವರು ಅಧ್ಯಕ್ಷ ಬೋರಿಸ್ ಯೆಲ್ಟ್ಸಿನ್‌ನ ಭದ್ರತಾ ದಳದವರು! ಎಫ್‌ಎಸ್‌ಕೆ ತಂಡ ಹಿಂದೆ ಸರಿಯಿತು. ಅದೇ ದಿನ ಸವೋಸ್ತ್ಯಾನೊವ್‌ನ ಕೆಲಸ ಹೋಯಿತು.

ಅಧ್ಯಕ್ಷರ ಭದ್ರತಾ ದಳದ ಮುಖ್ಯಸ್ಥ ಅಲೆಕ್ಸಾಂಡರ್ ಕೊರ್ಝಕೊವ್ ಕೆಜಿಬಿಯ ಒಂಬತ್ತನೇ ವಿಭಾಗದಲ್ಲಿ ಪಳಗಿದವನು. ಹಿಮದಲ್ಲಿ ಮಲಗಿದ್ದವರ ಯಜಮಾನ ಗುಸಿನ್‌ಸ್ಕಿಗೆ ಸುಮಾರು ಸಾವಿರ ಜನರ ಖಾಸಗಿ ಭದ್ರತಾ ಪಡೆಯಿತ್ತು. ಆ ಪಡೆಯನ್ನು ಕಟ್ಟಿದವರಲ್ಲಿ ಪ್ರಮುಖ ಫಿಲಿಪ್ ಬೊಬ್ಕೊವ್, ಕೆಜಿಬಿಯಲ್ಲಿ ಭಿನ್ನಮತೀಯರ ಬೆನ್ನು ಹತ್ತುತ್ತಿದ್ದ ಐದನೇ ವಿಭಾಗವನ್ನು ವರ್ಷಗಟ್ಟಲೆ ನಡೆಸಿದ ಜನರಲ್. ಬಿಡಿಸಲು ಬಂದ ಎಫ್‌ಎಸ್‌ಕೆಯಂತೂ ಕೆಜಿಬಿಯ ನೇರ ವಾರಸುದಾರ. ಒಂದೇ ಮನೆಯಿಂದ ಬಂದವರು ಮೂರು ಯಜಮಾನರ ಪರವಾಗಿ ಒಂದೇ ರಸ್ತೆಯಲ್ಲಿ ಬಡಿದಾಡಿಕೊಂಡಿದ್ದರು. ಗುಸಿನ್‌ಸ್ಕಿ ಕುಟುಂಬದೊಂದಿಗೆ ಕೆಲ ತಿಂಗಳು ಲಂಡನ್ ಸೇರಿಕೊಂಡ.

ಸೋವಿಯತ್ ನಂತರದ ರಷ್ಯದ ಅಪರಾಧ ಜಗತ್ತನ್ನು ನಾವು ಸಾಮಾನ್ಯವಾಗಿ ಹಚ್ಚೆ ಹಾಕಿಸಿಕೊಂಡ ಖದೀಮರ, ಚರ್ಮದ ಜಾಕೆಟ್ಟಿನ ರೌಡಿಗಳ ಕಥೆಯಾಗಿ ಓದುತ್ತೇವೆ. ಅವರೂ ಇದ್ದರು. ಆದರೆ ಹತ್ತಿಪ್ಪತ್ತು ವರ್ಷಗಳಾದ ಮೇಲೆ ಗಲ್ಲಾದ ಮುಂದೆ ಕೂತಿದ್ದವರು ಅವರಲ್ಲ.

ಆರಂಭ ಗೊರ್ಬಚೆವ್ ಕಾಲದಲ್ಲಿದೆ. 1987ರಲ್ಲಿ ಮಾಸ್ಕೋದ ಕ್ರೊಪೊಟ್ಕಿನ್‌ಸ್ಕಾಯಾ ಬೀದಿಯ 36ನೇ ನಂಬರಿನ ಮನೆಯಲ್ಲಿ ನಗರದ ಮೊದಲ ಸಹಕಾರಿ ಹೋಟೆಲು ತೆರೆಯಿತು. ಹೆಸರಿಗೆ ಸಹಕಾರಿ, ನಿಜದಲ್ಲಿ ಖಾಸಗಿ. ಮರುವರ್ಷ ಮೇ ತಿಂಗಳಲ್ಲಿ ಬಂದ ಸಹಕಾರಿ ಕಾನೂನು ಕೂಲಿಗೆ ಜನ ಇಟ್ಟುಕೊಳ್ಳಲು, ಬೆಲೆ ತಾವೇ ನಿಗದಿ ಮಾಡಲು ಅವಕಾಶ ಕೊಟ್ಟಿತು. ಹೋಟೆಲು, ಹೊಲಿಗೆ ಅಂಗಡಿ, ರಿಪೇರಿ ಅಂಗಡಿ, ಆಮೇಲೆ ಸಣ್ಣ ಬ್ಯಾಂಕುಗಳು ನಾಯಿಕೊಡೆಗಳ ಹಾಗೆ ಎದ್ದವು. 1990ರ ಆರಂಭದ ಹೊತ್ತಿಗೆ ಇಂಥ ಸಂಸ್ಥೆಗಳ ಸಂಖ್ಯೆ ಎರಡು ಲಕ್ಷದ ಹತ್ತಿರ ಬಂದಿತ್ತು.

ವ್ಯಾಪಾರವನ್ನು ಕಾನೂನುಬದ್ಧ ಮಾಡಿದ ಸರ್ಕಾರ ವ್ಯಾಪಾರಿಯನ್ನು ಕಾಯುವ ಏರ್ಪಾಡು ಮಾಡಲಿಲ್ಲ. ಕೊಂಡು ಮಾರಿ ಲಾಭ ಮಾಡುವುದು ದಂಡಸಂಹಿತೆಯಲ್ಲಿ ಇನ್ನೂ ಅಪರಾಧವಾಗಿಯೇ ಉಳಿದಿತ್ತು. ಸಾಲ ತೆಗೆದುಕೊಂಡವನು ಕೈಯೆತ್ತಿದರೆ, ಸರಕು ಪಡೆದವನು ದುಡ್ಡು ಕೊಡದಿದ್ದರೆ ಹೋಗಲು ಜಾಗವಿಲ್ಲ. ಪೊಲೀಸರ ಕಣ್ಣಿಗೆ ಈ ಜನ ಕಾಳಸಂತೆಯವರು. ತಿಂಗಳ ಸಂಬಳದಲ್ಲಿ ಬದುಕುವ ಪೇದೆಗೆ, ಒಂದೇ ರಾತ್ರಿಗೆ ಅಷ್ಟು ದುಡಿಯುವ ಹೋಟೆಲ್ಲಿನವನ ಮೇಲೆ ಕನಿಕರ ಹುಟ್ಟಬೇಕೆಂದರೂ ಕಷ್ಟ. ಮಾಸ್ಕೋದ ರಿಝ್‌ಸ್ಕಿ ಮಾರುಕಟ್ಟೆಯ ಅಂಗಡಿಗಳ ಮುಂದೆ ಮೊದಲ ವಸೂಲಿಗಾರರು ಕಾಣಿಸಿಕೊಂಡದ್ದು ಆಗಲೇ.

ಇವರು ಎಲ್ಲಿಂದ ಬಂದರು? ಲೇಬರ್ ಕ್ಯಾಂಪುಗಳಲ್ಲಿ ಬೆಳೆದ ಹಳೆಯ 'ವೊರಿ' ಎಂಬ ಕಳ್ಳರ ಪಂಗಡವೊಂದಿತ್ತು. ಸರ್ಕಾರದ ಕೆಲಸ ಮಾಡಬಾರದು, ಸೈನ್ಯಕ್ಕೆ ಸೇರಬಾರದು, ಸಂಸಾರ ಕಟ್ಟಿಕೊಳ್ಳಬಾರದು ಎಂಬ ಕಟ್ಟಳೆಗಳಿಗೆ ಬದ್ಧರಾದವರು. ಎರಡನೇ ಮಹಾಯುದ್ಧದಲ್ಲಿ ಸರ್ಕಾರದ ಪರ ಬಂದೂಕು ಹಿಡಿದವರು ಮರಳಿ ಜೈಲಿಗೆ ಬಂದಾಗ, ಕಟ್ಟಳೆ ಮುರಿದರೆಂದು ಕ್ಯಾಂಪುಗಳೊಳಗೆ ವರ್ಷಗಟ್ಟಲೆ ಕೊಲೆಗಳಾಗಿದ್ದವು. ಸರ್ಕಾರದ ಜೊತೆ ಕೈ ಜೋಡಿಸಬಹುದೇ ಎಂಬುದು ಅಲ್ಲಿ ಸಾವು ಬದುಕಿನ ಪ್ರಶ್ನೆಯಾಗಿತ್ತು. ಆದರೆ 1988ರ ಹೊಸ ವಸೂಲಿಗಾರರಲ್ಲಿ ಹೆಚ್ಚಿನವರು ಜೈಲು ಕಂಡವರೇ ಅಲ್ಲ. ಅವರು ಕುಸ್ತಿಪಟುಗಳು, ಬಾಕ್ಸರ್‌ಗಳು, ಭಾರ ಎತ್ತುವವರು. ಸೋವಿಯತ್ ಕ್ರೀಡಾ ಶಾಲೆಗಳಲ್ಲಿ ಸರ್ಕಾರಿ ಖರ್ಚಿನಲ್ಲಿ ಮೈ ಬೆಳೆಸಿ, ಆ ಖರ್ಚು ನಿಂತ ಮೇಲೆ ಬೀದಿಗೆ ಬಿದ್ದವರು. ಅಫ್ಘಾನಿಸ್ತಾನದಿಂದ ಮರಳಿದ ಸೈನಿಕರೂ ಸೇರಿಕೊಂಡರು. ಲ್ಯುಬೆರ್ತ್ಸಿ, ಸೋಲ್ನ್‌ತ್ಸೆವೊ, ಯೆಕತೆರಿನ್‌ಬರ್ಗ್‌ನ ಉರಾಲ್‌ಮಾಶ್ ಕಾರ್ಖಾನೆಯ ಬಡಾವಣೆ, ಹೀಗೆ ಊರು ಕೇರಿಗಳ ಹೆಸರುಗಳೇ ಗ್ಯಾಂಗುಗಳ ಹೆಸರಾದವು.

ಆಗಿನ್ನೂ ಲೆನಿನ್‌ಗ್ರಾದ್ ಆಗಿದ್ದ ಪೀಟರ್ಸ್‌ಬರ್ಗಿನಲ್ಲಿ ವ್ಲಾದಿಮಿರ್ ಕುಮಾರಿನ್ ಎಂಬವನಿದ್ದ. ತಂಬೊವ್ ಪ್ರಾಂತದಿಂದ ಓದಲು ಬಂದು, ಓದು ಬಿಟ್ಟು ಬಾರಿನ ಬಾಗಿಲು ಕಾದವನು. ಅದೇ ಪ್ರಾಂತದ ಹುಡುಗರನ್ನು ಸೇರಿಸಿ 'ತಂಬೊವ್' ಗುಂಪು ಕಟ್ಟಿದ. 1988ರ ಡಿಸೆಂಬರಿನಲ್ಲಿ ನಗರದ ಅಂಚಿನ ದೆವ್ಯಾತ್ಕಿನೊ ಮಾರುಕಟ್ಟೆಯಲ್ಲಿ ಅವನ ಗುಂಪಿಗೂ ಮಾಜಿ ಕುಸ್ತಿಪಟು ಅಲೆಕ್ಸಾಂಡರ್ ಮಾಲಿಶೆವ್‌ನ ಗುಂಪಿಗೂ ಬಡಿದಾಟವಾಯಿತು. ಮಾರುಕಟ್ಟೆ ಯಾರ ಪಾಲಿಗೆ ಎಂಬ ಜಗಳದಲ್ಲಿ ಹೆಣ ಬಿತ್ತು. ನಂತರದ ದಸ್ತಗಿರಿಗಳಲ್ಲಿ ಕುಮಾರಿನ್ ಜೈಲು ಸೇರಿ, ಕೆಲವೇ ವರ್ಷಗಳಲ್ಲಿ ಹೊರಬಂದ. ಈ ಹೆಸರನ್ನು ನೆನಪಿಟ್ಟುಕೊಳ್ಳಬೇಕು.

ವಸೂಲಿ ಬಹಳ ಬೇಗ ವಸೂಲಿಗಿಂತ ದೊಡ್ಡದಾಯಿತು. ರಷ್ಯನ್ನರು ಈ ಏರ್ಪಾಡನ್ನು 'ಕ್ರಿಶಾ', ಅಂದರೆ ಸೂರು ಎಂದು ಕರೆದರು. ಇಬ್ಬರು ವ್ಯಾಪಾರಿಗಳ ನಡುವೆ ತಕರಾರು ಬಂದರೆ ಕೇಳುತ್ತಿದ್ದ ಮೊದಲ ಮಾತು, "ನೀನು ಯಾರ ಜೊತೆ ಕೆಲಸ ಮಾಡ್ತೀಯ?" ಹೆಸರು ಹೇಳಬೇಕು. ಹೇಳಲು ಹೆಸರಿಲ್ಲದವನು ಸೋತಂತೆ. ಎರಡೂ ಕಡೆಯ ಹೆಸರುಗಳು ಗೊತ್ತಾದ ಮೇಲೆ ವ್ಯಾಪಾರಿಗಳು ಪಕ್ಕಕ್ಕೆ ಸರಿಯುತ್ತಿದ್ದರು. ಊರ ಹೊರಗಿನ ಖಾಲಿ ಜಾಗದಲ್ಲೋ ಹೆದ್ದಾರಿ ಬದಿಯಲ್ಲೋ ಎರಡು 'ಸೂರು'ಗಳ ಭೇಟಿ ನಡೆಯುತ್ತಿತ್ತು. ಸಮಯಕ್ಕೆ ಸರಿಯಾಗಿ ಬರಬೇಕು. ಬರದಿದ್ದರೆ ತಪ್ಪೊಪ್ಪಿಕೊಂಡ ಹಾಗೆ. ಎಷ್ಟು ಕಾರು, ಎಷ್ಟು ಜನ ಎಂಬುದನ್ನು ಎರಡೂ ಕಡೆಯವರು ಕಣ್ಣಲ್ಲೇ ಎಣಿಸುತ್ತಿದ್ದರು. ಹೆಚ್ಚಿನ ತಕರಾರುಗಳು ಮಾತಿನಲ್ಲೇ ಮುಗಿಯುತ್ತಿದ್ದವು: ಇಷ್ಟು ಬಾಕಿ, ಇಷ್ಟು ದಿನದೊಳಗೆ, ಇಷ್ಟು ಪಾಲು ನಮಗೆ. ವಸೂಲಾದ ಸಾಲದಲ್ಲಿ ಅರ್ಧ ವಸೂಲಿ ಮಾಡಿಕೊಟ್ಟವರಿಗೆ ಎಂಬುದು ಚಾಲ್ತಿಯಲ್ಲಿದ್ದ ದರ. ಕೋರ್ಟು ಮಾಡಬೇಕಾದ ಕೆಲಸವನ್ನು ಕುಸ್ತಿಪಟುಗಳು ಮಾಡುತ್ತಿದ್ದರು, ಶುಲ್ಕ ಮಾತ್ರ ವಿಪರೀತ.

ಇದೇ ಹೊತ್ತಿಗೆ ಕೆಜಿಬಿ ಒಡೆಯಿತು. 1991ರ ಆಗಸ್ಟ್‌ನ ವಿಫಲ ದಂಗೆಯಲ್ಲಿ ಅದರ ಮುಖ್ಯಸ್ಥ ವ್ಲಾದಿಮಿರ್ ಕ್ರ್ಯುಚ್ಕೊವ್ ಮುಂದಾಳುಗಳಲ್ಲೊಬ್ಬ. ದಂಗೆ ಮುರಿದುಬಿದ್ದ ಬೆನ್ನಿಗೇ, 22ರ ರಾತ್ರಿ, ಲುಬ್ಯಾಂಕಾ ಚೌಕದಲ್ಲಿದ್ದ ಸಂಸ್ಥಾಪಕ ಝೆರ್ಝಿನ್‌ಸ್ಕಿಯ ಪ್ರತಿಮೆಯನ್ನು ಕ್ರೇನು ತಂದು ಎತ್ತಿಹಾಕಿದರು. ಅದೇ ಡಿಸೆಂಬರಿನಲ್ಲಿ ಕೆಜಿಬಿ ಅಧಿಕೃತವಾಗಿ ರದ್ದಾಯಿತು. ವಿದೇಶಿ ಗುಪ್ತಚರ, ಆಂತರಿಕ ಭದ್ರತೆ, ದೂರಸಂಪರ್ಕ, ನಾಯಕರ ಅಂಗರಕ್ಷಣೆ, ಗಡಿ ಕಾವಲು ಎಂದು ಬೇರೆ ಬೇರೆ ಇಲಾಖೆಗಳಾದವು. ಗಡಿ ಪಡೆ ಸೇರಿ ಸುಮಾರು 4.8 ಲಕ್ಷ ಜನ ಇದ್ದ ಸಂಸ್ಥೆಯದು. ಆಂತರಿಕ ಭದ್ರತೆಯ ಭಾಗವಂತೂ ಭದ್ರತಾ ಸಚಿವಾಲಯ, 1993ರ ಕೊನೆಗೆ ಎಫ್‌ಎಸ್‌ಕೆ, 1995ರ ಏಪ್ರಿಲಿನಲ್ಲಿ ಎಫ್‌ಎಸ್‌ಬಿ ಎಂದು ನಾಮಫಲಕ ಬದಲಾಯಿಸುತ್ತಲೇ ಹೋಯಿತು. ಪ್ರತಿ ಬದಲಾವಣೆಗೂ ಒಂದಷ್ಟು ಜನ ಹೊರಗೆ. 1992ರಲ್ಲಿ ಬೆಲೆಗಳು ಇಪ್ಪತ್ತೈದು ಪಟ್ಟು ಏರಿದ್ದರಿಂದ ಒಳಗೆ ಉಳಿದವರ ಸಂಬಳಕ್ಕೂ ಬೆಲೆ ಇರಲಿಲ್ಲ.

ಆ ವರ್ಷದ ಮಾರ್ಚಿನಲ್ಲಿ ಬಂದ ಖಾಸಗಿ ಪತ್ತೇದಾರಿ ಮತ್ತು ಭದ್ರತಾ ಸೇವೆಗಳ ಕಾನೂನು ನನ್ನ ಮಟ್ಟಿಗೆ ಈ ಇಡೀ ಕಥೆಯ ತಿರುವು. ಪತ್ರಿಕೆಗಳಲ್ಲಿ ಅದಕ್ಕೆ ದೊಡ್ಡ ಸದ್ದಾಗಲಿಲ್ಲ. ಆದರೆ ಲೈಸೆನ್ಸ್ ಪಡೆದು, ಬಂದೂಕು ಇಟ್ಟುಕೊಂಡು, ರಕ್ಷಣೆಯನ್ನು ಮಾರಬಹುದು ಎಂಬುದನ್ನು ಅದು ಕಾನೂನಾಗಿಸಿತು. ನಿವೃತ್ತ ಕರ್ನಲ್‌ಗಳು ಕಂಪನಿ ತೆರೆದರು. ಬ್ಯಾಂಕುಗಳು ತಮ್ಮದೇ ಭದ್ರತಾ ವಿಭಾಗ ಕಟ್ಟಿ ಮಾಜಿ ಜನರಲ್‌ಗಳನ್ನು ಕೂರಿಸಿದವು. ಕೆಲವರಂತೂ ಹುದ್ದೆ ಬಿಡದೆ, 'ಸಕ್ರಿಯ ಮೀಸಲು' ಎಂಬ ಲೆಕ್ಕದಲ್ಲಿ ಗುಪ್ತಚರ ಅಧಿಕಾರಿಗಳಾಗಿಯೇ ಖಾಸಗಿ ಸಂಸ್ಥೆಗಳಲ್ಲಿ ಕೂತರು. ಗ್ಯಾಂಗುಗಳವರೂ ಸುಮ್ಮನಿರಲಿಲ್ಲ, ತಮ್ಮ ಹುಡುಗರಿಗೇ ಸಮವಸ್ತ್ರ ತೊಡಿಸಿ ಭದ್ರತಾ ಕಂಪನಿಗಳನ್ನು ನೋಂದಾಯಿಸಿದರು. ಪೀಟರ್ಸ್‌ಬರ್ಗಿನಲ್ಲಿ ರೋಮನ್ ತ್ಸೆಪೊವ್ ಎಂಬ, ಆಂತರಿಕ ಸಚಿವಾಲಯದ ಪಡೆಯ ಮಾಜಿ ಅಧಿಕಾರಿ 1992ರಲ್ಲಿ 'ಬಾಲ್ಟಿಕ್ ಎಸ್ಕಾರ್ಟ್' ಎಂಬ ಸಂಸ್ಥೆ ಶುರುಮಾಡಿದ. ಮೇಯರ್ ಅನತೋಲಿ ಸೊಬ್ಚಾಕ್‌ಗೂ ಉಪಮೇಯರ್ ವ್ಲಾದಿಮಿರ್ ಪುಟಿನ್‌ಗೂ ಅದೇ ಸಂಸ್ಥೆಯ ಕಾವಲು. ತ್ಸೆಪೊವ್ 2004ರಲ್ಲಿ ವಿಷಪ್ರಾಶನದಿಂದ ಸತ್ತ.

ಬೇಲಿಯೇ ಎದ್ದು ಹೊಲ ಮೇಯಿತು ಎಂದುಬಿಡುವುದು ಸುಲಭ. ಆದರೆ ಆ ವರ್ಷಗಳಲ್ಲಿ ಹೊಲ ಯಾರದ್ದೆಂದೇ ತೀರ್ಮಾನವಾಗಿರಲಿಲ್ಲ. 1992ರ ಅಕ್ಟೋಬರಿನಿಂದ ನಾಗರಿಕರಿಗೆ ತಲೆಗೆ ಹತ್ತು ಸಾವಿರ ರೂಬಲ್ ಮುಖಬೆಲೆಯ ವೋಚರ್ ಹಂಚಿ ಕಾರ್ಖಾನೆಗಳನ್ನು ಖಾಸಗೀಕರಿಸತೊಡಗಿದರು. ತೈಲ, ಅಲ್ಯುಮಿನಿಯಂ, ಬಂದರು, ಕಾರು ಕಾರ್ಖಾನೆಗಳೆಲ್ಲ ಏಕಕಾಲಕ್ಕೆ ಹರಾಜಿಗೆ ಬಿದ್ದವು. ಷೇರುದಾರರ ಪಟ್ಟಿಯಿಂದ ಒಂದು ಹೆಸರು ಅಳಿಸಿದರೆ ಒಂದು ಕಾರ್ಖಾನೆಯೇ ಕೈ ಬದಲಾಗುತ್ತಿತ್ತು. ತೊಲ್ಯಾತ್ತಿಯ ಆವ್ತೊವಾಝ್ ಕಾರು ಕಾರ್ಖಾನೆಯಿಂದ ಯಾವ ಡೀಲರ್‌ಗೆ ಎಷ್ಟು ಕಾರು ಹೋಗಬೇಕೆಂಬುದನ್ನು ಗ್ಯಾಂಗುಗಳು ಗೇಟಿನೊಳಗೇ ನಿಂತು ತೀರ್ಮಾನಿಸುತ್ತಿದ್ದವು. 1997ರಲ್ಲಿ ಪೊಲೀಸರು ದಂಡು ಕಟ್ಟಿಕೊಂಡು ಒಳನುಗ್ಗಬೇಕಾಯಿತು. ತೆರಿಗೆಯ ದರಗಳಂತೂ, ಪೂರ್ತಿ ಕಟ್ಟಿದರೆ ಅಂಗಡಿ ಮುಚ್ಚಬೇಕು ಎಂಬಂತಿದ್ದವು. ಎರಡು ಲೆಕ್ಕದ ಪುಸ್ತಕ ಇಟ್ಟವನು ಕೋರ್ಟಿನ ಮೆಟ್ಟಿಲು ಹತ್ತುವುದು ಹೇಗೆ?

1994 ಆ ದಶಕದ ಅತ್ಯಂತ ರಕ್ತಸಿಕ್ತ ವರ್ಷ. ಪೊಲೀಸ್ ದಾಖಲೆಗಳಲ್ಲೇ ಕೊಲೆ ಮತ್ತು ಕೊಲೆಯತ್ನದ ಪ್ರಕರಣಗಳು 32,000 ದಾಟಿದವು. ಏಪ್ರಿಲಿನಲ್ಲಿ ಒತಾರಿ ಕ್ವಾಂತ್ರಿಶ್ವಿಲಿಯನ್ನು ಮಾಸ್ಕೋದ ಸ್ನಾನಗೃಹವೊಂದರ ಹೊರಗೆ ಸ್ನೈಪರ್ ಹೊಡೆದ. ಕುಸ್ತಿ ಹಿನ್ನೆಲೆಯ ಈತ ಒಂದು ಕಡೆ ದಾದಾಗಳ ನಡುವಿನ ಪಂಚಾಯ್ತಿದಾರ, ಇನ್ನೊಂದು ಕಡೆ ಕ್ರೀಡಾಪಟುಗಳ ಸಹಾಯನಿಧಿಯ ಯಜಮಾನ. ಜೂನಿನಲ್ಲಿ ಕಾರು ವ್ಯಾಪಾರಿ ಬೋರಿಸ್ ಬೆರೆಜೊವ್‌ಸ್ಕಿಯ ಮರ್ಸಿಡಿಸ್ ಪಕ್ಕ ಬಾಂಬ್ ಸಿಡಿದು ಚಾಲಕ ಸತ್ತ. ಅದೇ ವರ್ಷ ಪೀಟರ್ಸ್‌ಬರ್ಗಿನಲ್ಲಿ ಕುಮಾರಿನ್ ಕಾರಿನ ಮೇಲೆ ಗುಂಡಿನ ಮಳೆಗರೆದರು. ಅವನು ಬದುಕಿದ, ಬಲಗೈ ಹೋಯಿತು. ಅಕ್ಟೋಬರಿನಲ್ಲಿ ಸೈನ್ಯದ ಭ್ರಷ್ಟಾಚಾರದ ಬಗ್ಗೆ ಬರೆಯುತ್ತಿದ್ದ ಪತ್ರಕರ್ತ ದ್ಮಿತ್ರಿ ಖೊಲೊದೊವ್, ದಾಖಲೆಗಳಿವೆಯೆಂದು ನಂಬಿ ತಂದ ಬ್ರೀಫ್‌ಕೇಸ್ ತೆರೆಯುತ್ತಿದ್ದಂತೆ ಸ್ಫೋಟಕ್ಕೆ ಬಲಿಯಾದರು. ಜೂನಿನಲ್ಲಿ ಯೆಲ್ಟ್ಸಿನ್ ಹೊರಡಿಸಿದ ಸುಗ್ರೀವಾಜ್ಞೆ, ಆರೋಪ ಹೊರಿಸದೆಯೇ ಮೂವತ್ತು ದಿನ ಬಂಧನದಲ್ಲಿಡುವ ಅಧಿಕಾರವನ್ನು ಪೊಲೀಸರಿಗೆ ಕೊಟ್ಟಿತು. ಅದು ಸಂವಿಧಾನಕ್ಕೆ ವಿರುದ್ಧವೆಂದು ಸಂಸತ್ತಿನಲ್ಲೇ ಕೂಗೆದ್ದಿತು. ಕೊಲೆಗಳು ನಿಲ್ಲಲಿಲ್ಲ.

ಅವುಗಳ ಪೈಕಿ ಒಂದು ಸಾವಿನ ಹತ್ತಿರ ಸ್ವಲ್ಪ ನಿಲ್ಲಬೇಕು. 1995ರ ಆಗಸ್ಟ್ ಆರಂಭ. ಬ್ಯಾಂಕರ್ ಇವಾನ್ ಕಿವೆಲಿದಿ ಮಾಸ್ಕೋದ ತನ್ನ ಕಚೇರಿಯಲ್ಲಿ ಕುಸಿದುಬಿದ್ದ. ವ್ಯಾಪಾರಿಗಳ ಮೇಲಿನ ದಾಳಿಗಳ ವಿರುದ್ಧ ದನಿಯೆತ್ತುತ್ತಿದ್ದ ಉದ್ಯಮಿಗಳ ದುಂಡುಮೇಜಿನ ಮುಖ್ಯಸ್ಥ ಅವನು. ಆಸ್ಪತ್ರೆಯಲ್ಲಿ ಮೂರು ನಾಲ್ಕು ದಿನದಲ್ಲಿ ಸತ್ತ. ಅದೇ ಕೋಣೆಗೆ ಓಡಾಡುತ್ತಿದ್ದ ಕಾರ್ಯದರ್ಶಿಯೂ ಸತ್ತಳು. ತನಿಖೆ ಕೊನೆಗೆ ಬಂದು ನಿಂತದ್ದು ಮೇಜಿನ ಮೇಲಿನ ಟೆಲಿಫೋನಿನ ಹತ್ತಿರ. ಕಿವಿಗೆ ಹಿಡಿಯುವ ರಿಸೀವರಿಗೆ ನರಗಳನ್ನು ಸ್ತಂಭಿಸುವ ರಾಸಾಯನಿಕ ವಿಷ ಸವರಲಾಗಿತ್ತು. ಗ್ಯಾಂಗಿನವರು ಅಡುಗೆಮನೆಯಲ್ಲಿ ಕಾಯಿಸಿಕೊಳ್ಳುವ ವಸ್ತುವಲ್ಲ ಅದು. ಸೋವಿಯತ್ ಸರ್ಕಾರದ ರಾಸಾಯನಿಕ ಅಸ್ತ್ರ ಸಂಶೋಧನಾಲಯದಲ್ಲಿ ತಯಾರಾದದ್ದು. ಅಲ್ಲಿನ ವಿಜ್ಞಾನಿಯೊಬ್ಬ ತಾನು ಮಾರಿದ್ದಾಗಿ ಒಪ್ಪಿಕೊಂಡ. ಕಿವೆಲಿದಿಯ ವ್ಯವಹಾರದ ಜೊತೆಗಾರನೊಬ್ಬನಿಗೆ ಶಿಕ್ಷೆಯಾದದ್ದು 2007ರಲ್ಲಿ. 'ನೊವಿಚೋಕ್' ಎಂದು ಇಂಗ್ಲೆಂಡಿನ ಸಾಲ್ಸ್‌ಬರಿ ಪ್ರಕರಣದಲ್ಲಿ ಜಗತ್ತಿಗೆಲ್ಲ ಗೊತ್ತಾದ ವಿಷದ ಕುಟುಂಬಕ್ಕೆ ಸೇರಿದ್ದು ಅದು. ಸರ್ಕಾರದ ಉಗ್ರಾಣದಿಂದ ಆಗ ಹೊರಗೆ ಹೋಗುತ್ತಿದ್ದದ್ದು ಬಂದೂಕುಗಳು ಮಾತ್ರವಲ್ಲ.

ಸರ್ಕಾರ ತಾನೇ ಕೊಟ್ಟ ರಿಯಾಯಿತಿಯೂ ಹೆಣ ಕೆಡವಿತು. ಅಫ್ಘಾನ್ ಯುದ್ಧದಲ್ಲಿ ಅಂಗವಿಕಲರಾದವರ ನಿಧಿಗೆ ಸುಂಕವಿಲ್ಲದೆ ಆಮದು ಮಾಡುವ ಅವಕಾಶವಿತ್ತು. ಮದ್ಯ, ಸಿಗರೇಟಿನ ಲಾಭ ಕಂಡು ನಿಧಿ ಎರಡು ಹೋಳಾಯಿತು. 1994ರ ನವೆಂಬರಿನಲ್ಲಿ ಅದರ ಮುಖ್ಯಸ್ಥನನ್ನು ಬಾಂಬಿಟ್ಟು ಕೊಂದರು. ಎರಡು ವರ್ಷದ ನಂತರ ಅದೇ ದಿನ, ಮಾಸ್ಕೋದ ಕೊತ್ಲ್ಯಾಕೊವ್‌ಸ್ಕೊಯೆ ಸ್ಮಶಾನದಲ್ಲಿ ಅವನ ಸಮಾಧಿಯ ಸುತ್ತ ಬಂಧುಮಿತ್ರರು ಸೇರಿದ್ದಾಗ ಇನ್ನೊಂದು ಬಾಂಬ್ ಸಿಡಿದು ಹದಿನಾಲ್ಕು ಜನ ಸತ್ತರು.

ಇದನ್ನೆಲ್ಲ ಏನೆಂದು ಕರೆಯಬೇಕು ಎಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಪೆರ್ಮ್ ನಗರದಲ್ಲಿ ಕ್ಷೇತ್ರಕಾರ್ಯ ಮಾಡಿದ ಇಟಲಿಯ ಫೆಡೆರಿಕೊ ವರೆಸೆ ಇಲ್ಲಿ ಸಿಸಿಲಿಯ ಸೂತ್ರವನ್ನೇ ಕಂಡರು: ಆಸ್ತಿ ಹಕ್ಕು ಏಕಾಏಕಿ ಹರಡುತ್ತದೆ, ಅದನ್ನು ಕಾಯುವ ಸರ್ಕಾರ ದುರ್ಬಲ, ಕೈಯಲ್ಲಿ ಕಸುವಿದ್ದವರು ನಿರುದ್ಯೋಗಿಗಳು, ಮಾಫಿಯಾ ಹುಟ್ಟಲು ಇಷ್ಟು ಸಾಕು. ಪೀಟರ್ಸ್‌ಬರ್ಗಿನ ಸಮಾಜಶಾಸ್ತ್ರಜ್ಞ ವದೀಮ್ ವೋಲ್ಕೊವ್ ಇನ್ನೊಂದು ಹೆಜ್ಜೆ ಮುಂದೆ ಹೋದರು. ಅವರ ಪ್ರಕಾರ ಬಲಪ್ರಯೋಗವೇ ಬಂಡವಾಳವಾದ ಒಂದು ಉದ್ಯಮವಿತ್ತು, ಗ್ಯಾಂಗು, ಖಾಸಗಿ ಭದ್ರತಾ ಕಂಪನಿ, ಪೊಲೀಸ್ ಇಲಾಖೆ ಎಲ್ಲವೂ ಅದರಲ್ಲಿ ಪೈಪೋಟಿಗಿಳಿದವು, ಸರ್ಕಾರವೂ ಅವುಗಳಲ್ಲಿ ಒಂದಾಗಿತ್ತು. ಇಡೀ ಆಟ ಹಳೆಯ ಪಕ್ಷದ ಅಧಿಕಾರಿಗಳದ್ದೇ, ರೌಡಿಗಳು ಬರೀ ಕೂಲಿಯಾಳುಗಳು ಎಂದ ಪತ್ರಕರ್ತರೂ ಇದ್ದಾರೆ. ಸಂಖ್ಯೆಗಳ ಬಗ್ಗೆಯೂ ತಕರಾರಿದೆ. ಖಾಸಗಿ ಸಂಸ್ಥೆಗಳಲ್ಲಿ ಮುಕ್ಕಾಲು ಪಾಲು ತಮ್ಮ ಆದಾಯದ 10ರಿಂದ 20 ಪ್ರತಿಶತ ಹಫ್ತಾ ಕೊಡುತ್ತಿವೆ ಎಂದು 1994ರ ಆರಂಭದಲ್ಲಿ ಯೆಲ್ಟ್ಸಿನ್‌ಗೆ ಸಲ್ಲಿಸಿದ ವರದಿ ಹೇಳಿತು. ಎಲ್ಲರೂ ಅದನ್ನೇ ಉದ್ಧರಿಸಿದರು. ಹೇಗೆ ಎಣಿಸಿದರು ಎಂದು ಕೇಳಿದವರು ಕಡಿಮೆ. ನನಗೆ ವೋಲ್ಕೊವ್ ವಾದವೇ ಹೆಚ್ಚು ಒಪ್ಪಿಗೆ. ಏಕೆಂದರೆ ಮುಂದೆ ನಡೆದದ್ದನ್ನು ಅದು ಮಾತ್ರ ವಿವರಿಸುತ್ತದೆ: ಪೈಪೋಟಿ ಇದ್ದಲ್ಲಿ ಗೆಲ್ಲುವವನೂ ಇರುತ್ತಾನೆ.

ಗೆಲುವು 1990ರ ದಶಕದ ಕೊನೆಯಲ್ಲಿ ಗೊತ್ತಾಗತೊಡಗಿತು. ಸಂಘಟಿತ ಅಪರಾಧದ ವಿರುದ್ಧ ಕಟ್ಟಿದ್ದ ಪೊಲೀಸ್ ವಿಭಾಗಗಳು ಗ್ಯಾಂಗುಗಳನ್ನು ಚೆನ್ನಾಗಿಯೇ ಬಡಿದವು. ಬಡಿದ ಮೇಲೆ ಅವುಗಳ ಗಿರಾಕಿಗಳನ್ನು ತಾವೇ ಇಟ್ಟುಕೊಂಡವು. ವ್ಯಾಪಾರಿಯ ದೃಷ್ಟಿಯಿಂದ ನೋಡಿದರೆ ಇದರಲ್ಲಿ ಅಚ್ಚರಿಯೇನಿಲ್ಲ. ರೌಡಿಯ ಸೂರು ಗುಂಡೇಟಿನಿಂದ ಕಾಯಬಹುದು. ಪೊಲೀಸರ ಸೂರು ಗುಂಡೇಟು, ತೆರಿಗೆ ದಾಳಿ, ಎದುರಾಳಿಯ ದೂರು, ಮೂರರಿಂದಲೂ ಕಾಯುತ್ತದೆ. ದರವೂ ಕಡಿಮೆ. ಪೊಲೀಸರಿಗಿಂತ ಗುಪ್ತಚರದವರ ಕೈ ಇನ್ನೂ ಉದ್ದ. 1998ರ ಆಗಸ್ಟಿನಲ್ಲಿ ರೂಬಲ್ ಕುಸಿದಾಗ ಅನೇಕ ಹಳೆಯ ಗುಂಪುಗಳ ಗಿರಾಕಿಗಳೇ ದಿವಾಳಿಯಾದರು. ಉಳಿದ ದಾದಾಗಳಲ್ಲಿ ಬುದ್ಧಿವಂತರು ಆಗಲೇ ಕಾರ್ಖಾನೆಗಳ ಷೇರು ಹಿಡಿದು ಸೂಟು ತೊಟ್ಟಿದ್ದರು. ಕುಮಾರಿನ್ ಬಾರ್ಸುಕೊವ್ ಎಂದು ಹೆಸರು ಬದಲಿಸಿಕೊಂಡು, ನಗರದ ಬಂಕುಗಳಿಗೆ ತೈಲ ಪೂರೈಸುವ ಪೀಟರ್ಸ್‌ಬರ್ಗ್ ಫ್ಯುಯೆಲ್ ಕಂಪನಿಯ ಉಪಾಧ್ಯಕ್ಷನಾಗಿದ್ದ. ಉಳಿದವರು ಯೆಕತೆರಿನ್‌ಬರ್ಗ್‌ನ ಶಿರೊಕೊರೆಚೆನ್‌ಸ್ಕೊಯೆ ಸ್ಮಶಾನದಲ್ಲಿ, ಕರಿಕಲ್ಲಿನ ಮೇಲೆ ಆಳೆತ್ತರದ ಚಿತ್ರಗಳಾಗಿ ನಿಂತಿದ್ದಾರೆ.

1998ರ ನವೆಂಬರ್ 17ರಂದು ಮಾಸ್ಕೋದಲ್ಲಿ ಒಂದು ವಿಚಿತ್ರ ಪತ್ರಿಕಾಗೋಷ್ಠಿ ನಡೆಯಿತು. ಎಫ್‌ಎಸ್‌ಬಿ ಅಧಿಕಾರಿಗಳ ಸಣ್ಣ ಗುಂಪು. ಒಬ್ಬನಿಗೆ ಮುಖವಾಡ, ಕೆಲವರಿಗೆ ಕಪ್ಪು ಕನ್ನಡಕ. ಮುಖ ತೋರಿಸಿ ಮಾತಾಡಿದವನು ಲೆಫ್ಟಿನೆಂಟ್ ಕರ್ನಲ್ ಅಲೆಕ್ಸಾಂಡರ್ ಲಿತ್ವಿನೆಂಕೊ. ಅಪರಾಧಿ ಗುಂಪುಗಳನ್ನು ಮಟ್ಟಹಾಕಲು ಎಫ್‌ಎಸ್‌ಬಿಯೊಳಗೆ ಕಟ್ಟಿದ್ದ ಗುಪ್ತ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದ ತಮಗೆ, ಬೆರೆಜೊವ್‌ಸ್ಕಿಯನ್ನು ಕೊಲ್ಲಲು ಮೇಲಿನವರು ಹೇಳಿದರು ಎಂಬುದು ಅವನ ಆರೋಪ. ಬೆರೆಜೊವ್‌ಸ್ಕಿಯ ಕೈಯಿಂದ ಅವನಿಗೆ ದುಡ್ಡು ಬರುತ್ತಿತ್ತು ಎಂಬುದೂ ನಿಜ, ಹಾಗಾಗಿ ಆ ಮಾತನ್ನು ಪೂರ್ತಿ ನಂಬಿದವರು ಕಡಿಮೆ. ಎಫ್‌ಎಸ್‌ಬಿಗೆ ಹೊಸ ನಿರ್ದೇಶಕ ಬಂದು ನಾಲ್ಕು ತಿಂಗಳಾಗಿತ್ತಷ್ಟೇ. ಹೆಸರು ವ್ಲಾದಿಮಿರ್ ಪುಟಿನ್. ಮನೆಯ ಗುಟ್ಟನ್ನು ಬೀದಿಗೆ ತಂದರೆಂದು ಆತ ಇವರನ್ನು ಕೆಲಸದಿಂದ ತೆಗೆದ. ಲಿತ್ವಿನೆಂಕೊ ಜೈಲು ಕಂಡು, ಬ್ರಿಟನ್ನಿಗೆ ಓಡಿಹೋಗಿ, ಅಲ್ಲಿ ಕೂತು ಪೀಟರ್ಸ್‌ಬರ್ಗಿನ ಗ್ಯಾಂಗುಗಳಿಗೂ ಕ್ರೆಮ್ಲಿನ್‌ಗೂ ಇರುವ ನಂಟಿನ ಬಗ್ಗೆ ಸ್ಪೇನಿನ ತನಿಖಾಧಿಕಾರಿಗಳಿಗೆ ನೆರವಾಗುತ್ತಿದ್ದ. 2006ರ ನವೆಂಬರ್ 1ರಂದು ಲಂಡನ್ನಿನ ಹೋಟೆಲೊಂದರಲ್ಲಿ ಕುಡಿದ ಚಹಾದಲ್ಲಿ ಪೊಲೋನಿಯಂ ಇತ್ತು. ಮೂರು ವಾರದಲ್ಲಿ ಸತ್ತ. ಕೊಲೆಗೆ ಪುಟಿನ್ ಮತ್ತು ಆಗಿನ ಎಫ್‌ಎಸ್‌ಬಿ ಮುಖ್ಯಸ್ಥ ಪಾತ್ರುಶೆವ್‌ರ ಸಮ್ಮತಿ ಬಹುಶಃ ಇತ್ತು ಎಂದು 2016ರಲ್ಲಿ ಬ್ರಿಟನ್ನಿನ ವಿಚಾರಣಾ ವರದಿ ಹೇಳಿತು, ರಷ್ಯ ಅಲ್ಲಗಳೆಯಿತು. ಸ್ಪೇನಿನ ಮೊಕದ್ದಮೆಯಲ್ಲಿ ವಿಚಾರಣೆ ಎದುರಿಸಿದ ಆರೋಪಿಗಳೆಲ್ಲ 2018ರಲ್ಲಿ ಖುಲಾಸೆಯಾದರು ಎಂಬುದನ್ನೂ ಹೇಳಬೇಕು.

ಪುಟಿನ್ ಅಧ್ಯಕ್ಷನಾದ ಮೇಲೆ ಬೀದಿಯ ಗುಂಡಿನ ಸದ್ದು ನಿಧಾನವಾಗಿ ಇಳಿಯಿತು. ಸಾಮಾನ್ಯ ರಷ್ಯನ್ನರಿಗೆ ಅದು ಸಣ್ಣ ಸಂಗತಿಯಾಗಿರಲಿಲ್ಲ. ಆತನ ಜನಪ್ರಿಯತೆಗೆ ಇದೂ ಒಂದು ಕಾರಣ. ಆದರೆ ಆಸ್ತಿ ಕಸಿಯುವುದು ನಿಲ್ಲಲಿಲ್ಲ, ಸಾಧನ ಬದಲಾಯಿತು. ಬಾಂಬಿನ ಬದಲು ತನಿಖಾಧಿಕಾರಿಯ ಸಮನ್ಸು ಬಂತು. 2003ರ ಅಕ್ಟೋಬರಿನಲ್ಲಿ ಯೂಕೋಸ್ ತೈಲ ಕಂಪನಿಯ ಮಿಖಾಯಿಲ್ ಖೊದೊರ್ಕೊವ್‌ಸ್ಕಿಯ ಬಂಧನ ಇದರ ದೊಡ್ಡ ಉದಾಹರಣೆ. ಚಿಕ್ಕ ಪ್ರಮಾಣದಲ್ಲಿ ಇದು ಹೇಗೆ ನಡೆಯುತ್ತಿತ್ತೆಂದು ತಿಳಿಯಲು ಸೆರ್ಗೆಯ್ ಮಗ್ನಿತ್‌ಸ್ಕಿ ಪ್ರಕರಣ ನೋಡಬೇಕು. 2007ರ ಜೂನಿನಲ್ಲಿ ಪೊಲೀಸರು ಹೂಡಿಕೆ ಸಂಸ್ಥೆಯೊಂದರ ಮೇಲೆ ದಾಳಿ ಮಾಡಿ ಕಂಪನಿಗಳ ಮೊಹರು, ಕಾಗದಪತ್ರ ಒಯ್ದರು. ಆ ಕಂಪನಿಗಳು ಬೇರೆಯವರ ಹೆಸರಿಗೆ ಬದಲಾದವು. ವರ್ಷದ ಕೊನೆಗೆ, ಅವು ಕಟ್ಟಿದ್ದ ಸುಮಾರು 23 ಕೋಟಿ ಡಾಲರ್ ತೆರಿಗೆಯನ್ನು ಹೊಸ 'ಮಾಲೀಕರು' ಮರುಪಾವತಿಯಾಗಿ ಖಜಾನೆಯಿಂದ ಎತ್ತಿದರು. ಇದನ್ನು ಪತ್ತೆ ಹಚ್ಚಿದ ಮಗ್ನಿತ್‌ಸ್ಕಿ 2008ರಲ್ಲಿ ಬಂಧನಕ್ಕೊಳಗಾಗಿ, ಮರುವರ್ಷ ನವೆಂಬರ್ 16ರಂದು ಮಾಸ್ಕೋದ ಸೆರೆಮನೆಯಲ್ಲಿ 37ನೇ ವಯಸ್ಸಿಗೆ ಸತ್ತರು.

ಗೆದ್ದವರ ನಡುವೆಯೂ ಪಾಲಿನ ಜಗಳ ತಪ್ಪಲಿಲ್ಲ. 2000ದಲ್ಲಿ ಕಸ್ಟಮ್ಸ್‌ನವರು ಕಳ್ಳಸಾಗಣೆಯ ಪೀಠೋಪಕರಣಗಳನ್ನು ಹಿಡಿದಾಗ, ಎಳೆ ಎಫ್‌ಎಸ್‌ಬಿಯ ಮೇಲಧಿಕಾರಿಗಳತ್ತ ಹೋಯಿತು. ಅದನ್ನು ಬೆನ್ನತ್ತಿದ ಪತ್ರಕರ್ತ ಮತ್ತು ಸಂಸದ ಯೂರಿ ಶ್ಚೆಕೊಚಿಖಿನ್ 2003ರ ಜುಲೈನಲ್ಲಿ ಚರ್ಮ ಸುಲಿದುಹೋಗುವ ನಿಗೂಢ ಕಾಯಿಲೆಯಿಂದ ತೀರಿಕೊಂಡರು. ವೈದ್ಯಕೀಯ ದಾಖಲೆಗಳನ್ನು ಮನೆಯವರಿಗೂ ಕೊಡಲಿಲ್ಲ. 2007ರ ಅಕ್ಟೋಬರಿನಲ್ಲಿ ಮಾದಕವಸ್ತು ನಿಯಂತ್ರಣ ಇಲಾಖೆಯ ಜನರಲ್ ಅಲೆಕ್ಸಾಂಡರ್ ಬುಲ್ಬೊವ್‌ನನ್ನು ಎಫ್‌ಎಸ್‌ಬಿ ಬಂಧಿಸಿತು. ಕೆಲ ದಿನಗಳಲ್ಲೇ ಅವನ ಮೇಲಧಿಕಾರಿ, ತಾನೂ ಕೆಜಿಬಿಯವನೇ ಆದ ವಿಕ್ತೊರ್ ಚೆರ್ಕೆಸೊವ್, 'ಕೊಮ್ಮೆರ್ಸಾಂತ್' ಪತ್ರಿಕೆಯಲ್ಲಿ ಬಹಿರಂಗ ಲೇಖನ ಬರೆದ. ಯೋಧರು ವ್ಯಾಪಾರಿಗಳಾಗಬಾರದು ಎಂಬುದು ಅದರ ತಿರುಳು. ಓದಿದವರಿಗೆ ಅರ್ಥವಾದದ್ದು, ಆಗಲೇ ಆಗಿಬಿಟ್ಟಿದ್ದಾರೆ ಎಂಬುದು. ಮರುವರ್ಷ ಆ ಇಲಾಖೆಯಿಂದ ಚೆರ್ಕೆಸೊವ್‌ನನ್ನು ತೆಗೆದರು.

ಅದೇ 2007ರ ಆಗಸ್ಟಿನಲ್ಲಿ ಮಾಸ್ಕೋದಿಂದ ವಿಶೇಷ ಪಡೆ ಪೀಟರ್ಸ್‌ಬರ್ಗಿಗೆ ಬಂದು, ಸ್ಥಳೀಯ ಪೊಲೀಸರಿಗೆ ಸುಳಿವು ಕೊಡದೆ ಕುಮಾರಿನ್‌ನನ್ನು ಎತ್ತಿಕೊಂಡು ಹೋಯಿತು. ಎರಡು ವರ್ಷದಲ್ಲಿ ಅವನಿಗೆ 14 ವರ್ಷದ ಶಿಕ್ಷೆ. 2008ರ ಸೆಪ್ಟೆಂಬರಿನಲ್ಲಿ ಇನ್ನೊಂದು ಆದೇಶ ಬಂತು, ಇದಕ್ಕೂ ಹೆಚ್ಚು ಗದ್ದಲವಾಗಲಿಲ್ಲ: ಸಂಘಟಿತ ಅಪರಾಧದ ವಿರುದ್ಧದ ಪೊಲೀಸ್ ವಿಭಾಗವನ್ನೇ ಮುಚ್ಚಿದರು. ಅಲ್ಲಿದ್ದ ಸಿಬ್ಬಂದಿಯ ಮೇಲೆ ಕಟ್ಟಿದ ಹೊಸ ವಿಭಾಗದ ಕೆಲಸ 'ಉಗ್ರವಾದ' ತಡೆಯುವುದು. ಸೂಟು ತೊಟ್ಟ ದಾದಾಗಳನ್ನು ಬಿಟ್ಟು ಮೆರವಣಿಗೆ ಹೊರಡುವ ವಿದ್ಯಾರ್ಥಿಗಳನ್ನು, ಬ್ಲಾಗ್ ಬರೆಯುವವರನ್ನು ಹಿಂಬಾಲಿಸುವ ಕೆಲಸ.

ಎರಡು ವರ್ಷ ಕಳೆದು, 2010ರ ನವೆಂಬರ್ 4ರ ಹಬ್ಬದ ರಾತ್ರಿ, ದಕ್ಷಿಣದ ಕ್ರಾಸ್ನೊದಾರ್ ಪ್ರಾಂತದ ಕುಶ್ಚೆವ್‌ಸ್ಕಾಯಾ ಎಂಬ ದೊಡ್ಡ ಹಳ್ಳಿಯಲ್ಲಿ ಒಬ್ಬ ರೈತನ ಮನೆಗೆ ಜನ ನುಗ್ಗಿದರು. ಮನೆಯಲ್ಲಿ ನೆಂಟರಿದ್ದರು. ನಾಲ್ವರು ಮಕ್ಕಳು ಸೇರಿ ಹನ್ನೆರಡು ಜನರನ್ನು ಕೊಂದು ಬೆಂಕಿಯಿಟ್ಟರು. ಸತ್ತವರಲ್ಲಿ ಒಂಬತ್ತು ತಿಂಗಳ ಕೂಸೂ ಇತ್ತು. ಕೊಲ್ಲಿಸಿದವನು ಸೆರ್ಗೆಯ್ ತ್ಸಪೊಕ್. ಊರಿಗೆಲ್ಲ ಗೊತ್ತಿದ್ದ ಗ್ಯಾಂಗಿನ ನಾಯಕ, ಜೊತೆಗೆ ಸ್ಥಳೀಯ ಮಂಡಳಿಯ ಸದಸ್ಯ. ಅವನ ಕುಟುಂಬದ ಕೃಷಿ ಕಂಪನಿಗೆ ಸರ್ಕಾರದ ಸಹಾಯಧನ ಬರುತ್ತಿತ್ತು. ವರ್ಷಗಟ್ಟಲೆ ಜಮೀನು ಕಸಿದದ್ದಕ್ಕೆ, ಹುಡುಗಿಯರ ಮೇಲೆ ಅತ್ಯಾಚಾರ ಮಾಡಿದ್ದಕ್ಕೆ ದೂರು ಕೊಟ್ಟವರಿದ್ದರು. ದೂರುಗಳು ಠಾಣೆಯಲ್ಲೇ ಸಾಯುತ್ತಿದ್ದವು. ಇಂಥ ಗುಂಪುಗಳು ಹೆಚ್ಚುಕಡಿಮೆ ಎಲ್ಲ ಕಡೆ ಇವೆ ಎಂದು ಪ್ರಾಂತದ ಗವರ್ನರನೇ ಒಪ್ಪಿಕೊಂಡ. ಸಂವಿಧಾನ ನ್ಯಾಯಾಲಯದ ಮುಖ್ಯಸ್ಥ ವಲೇರಿ ಝೋರ್ಕಿನ್ ಸರ್ಕಾರದ್ದೇ ಪತ್ರಿಕೆಯಲ್ಲಿ ಬರೆಯುತ್ತ, ಅಧಿಕಾರಕ್ಕೂ ಅಪರಾಧಕ್ಕೂ ಬೆಸುಗೆ ಬೀಳುತ್ತಿದೆ, ಹೀಗೇ ಬಿಟ್ಟರೆ ರಾಜ್ಯವೇ ಅಪರಾಧಿಯಾಗುತ್ತದೆ ಎಂದು ಎಚ್ಚರಿಸಿದರು. ವಿರೋಧ ಪಕ್ಷದವರು ಹೇಳಿದ್ದರೆ ಆ ಮಾತಿಗೆ ಅಷ್ಟು ತೂಕ ಬರುತ್ತಿರಲಿಲ್ಲ.

ಆಮೇಲಿನದು ಹೆಚ್ಚಾಗಿ ನೋಟಿನ ಕಂತೆಗಳ ಕಥೆ. 2016ರ ಸೆಪ್ಟೆಂಬರಿನಲ್ಲಿ ಪೊಲೀಸ್ ಇಲಾಖೆಯ ಭ್ರಷ್ಟಾಚಾರ ವಿರೋಧಿ ವಿಭಾಗದ ಕರ್ನಲ್ ದ್ಮಿತ್ರಿ ಝಖಾರ್ಚೆಂಕೊನ ಸೋದರಿಯ ಫ್ಲ್ಯಾಟಿನಲ್ಲಿ ಸಿಕ್ಕ ನಗದು 12 ಕೋಟಿ ಡಾಲರಿಗೂ ಹೆಚ್ಚು. 2019ರ ಏಪ್ರಿಲ್ 1ರಂದು ಪುಟಿನ್ ಒಂದು ಹೊಸ ಕಾನೂನಿಗೆ ಸಹಿ ಹಾಕಿದ. ಅಪರಾಧ ಜಗತ್ತಿನ ಶ್ರೇಣಿಯಲ್ಲಿ ಅತ್ಯುನ್ನತ ಸ್ಥಾನದಲ್ಲಿರುವುದೇ ಶಿಕ್ಷಾರ್ಹ, ಬೇರೆ ಅಪರಾಧ ಸಾಬೀತು ಮಾಡಬೇಕಿಲ್ಲ ಎಂಬ ಕಾನೂನು; ಗುರಿ ಹಳೆಯ 'ವೊರಿ'ಗಳು. ಅದೇ ತಿಂಗಳ ಕೊನೆಯಲ್ಲಿ ಎಫ್‌ಎಸ್‌ಬಿಯಲ್ಲಿ ಬ್ಯಾಂಕುಗಳ ಮೇಲೆ ಕಣ್ಣಿಡುವ ವಿಭಾಗದ ಕರ್ನಲ್ ಕಿರಿಲ್ ಚೆರ್ಕಾಲಿನ್ ಬಂಧನವಾಯಿತು. ಶೋಧದಲ್ಲಿ ಸಿಕ್ಕ ಆಸ್ತಿಯ ಮೌಲ್ಯ ಸುಮಾರು 1,200 ಕೋಟಿ ರೂಬಲ್. ಬ್ಯಾಂಕೊಂದಕ್ಕೆ ಸೂರಾಗಿದ್ದಕ್ಕೆ ಲಂಚ ಪಡೆದ ಎಂಬುದು ಆರೋಪಗಳಲ್ಲೊಂದು. ಹಿಡಿದವರೂ ಎಫ್‌ಎಸ್‌ಬಿಯವರೇ, ಅದರ ಆಂತರಿಕ ಭದ್ರತಾ ವಿಭಾಗದವರು. ಚೆರ್ಕಾಲಿನ್ ತಪ್ಪೊಪ್ಪಿಕೊಂಡು ತನಿಖೆಗೆ ಸಹಕರಿಸಿದ. 2021ರಲ್ಲಿ ಮಾಸ್ಕೋದ ಸೇನಾ ನ್ಯಾಯಾಲಯ ಏಳು ವರ್ಷ ಕೊಟ್ಟಿತು.

ಅವನ ಬಂಧನವಾದ ಎರಡು ತಿಂಗಳೊಳಗೆ, 2019ರ ಜೂನಿನಲ್ಲಿ, ಮಾಸ್ಕೋದ ಒಂದು ಬ್ಯಾಂಕ್ ಕಚೇರಿಗೆ ಶೋಧ ನಡೆಸುವ ನೆಪದಲ್ಲಿ ಬಂದ ಗುಂಪೊಂದು ಉದ್ಯಮಿಯೊಬ್ಬನ ಸುಮಾರು 14 ಕೋಟಿ ರೂಬಲ್ ನಗದು ದೋಚಿಕೊಂಡು ಹೋಯಿತು. ಮುಂದಿನ ತಿಂಗಳು ಬಂಧನಗಳಾದವು. ಹಿಡಿದವರಲ್ಲಿ ಎಫ್‌ಎಸ್‌ಬಿಯ ಭಯೋತ್ಪಾದನಾ ವಿರೋಧಿ ಪಡೆಗಳಾದ 'ಆಲ್ಫಾ' ಮತ್ತು 'ವಿಂಪೆಲ್'ನ ಅಧಿಕಾರಿಗಳಿದ್ದರು, ಚೆರ್ಕಾಲಿನ್ ಕೆಲಸ ಮಾಡುತ್ತಿದ್ದ ನಿರ್ದೇಶನಾಲಯದವರೂ ಇದ್ದರು.